ಮೇರಿ ರಾತ್ರಿ ಉಣ್ಣಂಗಿಲ್ಲ

ಕಮಲಾಬಾಯಿಗೆ ಸವತಿಯೊಬ್ಬಳಿದ್ದಳು, ಅದೂ ವಿಲಾಯಿತಿಯವಳು. ಹಾಗಂತ ಅವಳೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಸಾಂಗಲಿ ಹತ್ತಿರದ ಕಸಬೆ ಡಿಗ್ರಜದ ಹೆಂಗಸರು ಮೊದಲು ಗಲ್ಲಕ್ಕೆ ಕೈ ಹಚ್ಚಿ ಗಾಬರಿಯಾದರು, ಆಮೇಲೆ ಸಂಗತಿ ಗೊತ್ತಾಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಸವತಿ ಅಂದರೆ ಹೆಣ್ಣಲ್ಲ, ಪುಸ್ತಕ ಅಚ್ಚು ಹಾಕುವ ಕಂಪನಿ. ವಿದರ್ಲಿ ಆ್ಯಂಡ್ ಡಾಟರ್ಸ್ ಅಂತ ಅದರ ಹೆಸರು. ವಿದರ್ಲಿ ಮತ್ತು ಅವನ ಹೆಣ್ಣುಮಕ್ಕಳು ಅಂತ ಗಂಡ ಆದಪ್ಪ ಅರ್ಥ ಬಿಡಿಸಿ ಹೇಳಿದ ದಿನವೇ ಅವಳ ಹೊಟ್ಟೆಯಲ್ಲಿ ಕಿಚ್ಚು ಬಿದ್ದಿತ್ತು. ಎಲ್ಲ ಕಂಪನಿಗೂ ಗಂಡುಮಕ್ಕಳಿರುತ್ತಾರೆ, ಈ ಒಂದಕ್ಕೇ ಹೆಣ್ಣುಮಕ್ಕಳು ಯಾಕೆ? ಅದೂ ತನ್ನ ಗಂಡ ಪುಸ್ತಕ ತರಿಸುವ ಕಂಪನಿಗೇ?

ಆದಪ್ಪ ಸಾಂಗಲಿಯ ಪೇಟೆಯಲ್ಲಿ ಅರಿಶಿನದ ವ್ಯಾಪಾರ ಮಾಡುತ್ತಿದ್ದವನು. ಲೆಕ್ಕದಲ್ಲಿ ಗಟ್ಟಿಗ, ಮಾತಿನಲ್ಲಿ ಮೆದು. ಬೀಡಿಯಿಲ್ಲ, ಎಲೆಯಡಿಕೆಯಿಲ್ಲ, ಇದೊಂದು ಚಟ. ಮದುವೆಗೆ ಮುಂಚೆ ಯಾವಾಗಲೋ ಮಿರಜ ಸ್ಟೇಷನ್ನಿನ ಪುಸ್ತಕದ ಅಂಗಡಿಯಲ್ಲಿ ಹಸಿರು ಬಟ್ಟೆಯ ರಟ್ಟಿನ ಪುಸ್ತಕವೊಂದು ಅವನ ಕೈಗೆ ಸಿಕ್ಕಿತಂತೆ. ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ವರ್ಷಕ್ಕೊಮ್ಮೆ ಇಂಗ್ಲೆಂಡಿನಿಂದ ಪಾರ್ಸೆಲ್ಲು ಬರುತ್ತಿತ್ತು. ಪೋಸ್ಟಿನವನು ಅಂಗಳದಿಂದಲೇ ಕೂಗುತ್ತಿದ್ದ, ಕಮಲಾಬಾಯಿ ಒಳಗಿನಿಂದಲೇ ಅನ್ನುತ್ತಿದ್ದಳು: "ಬಂದಳು ನೋಡ್ರಿ ನಿಮ್ಮ ಲಂಡನ್‌ದಾಕಿ. ಆರತಿ ತರಲೇನು?"

ಈಗ ಆದಪ್ಪ ಇಲ್ಲ. ಕಂಪನಿಯೂ ಇಲ್ಲ. ಪುಸ್ತಕಗಳಿವೆ, ಹಳದಿ ಬಟ್ಟೆಯಲ್ಲಿ ಗಂಟು ಬಿಗಿಸಿಕೊಂಡು, ದೇವರ ಕೋಣೆಯ ಕಪಾಟಿನಲ್ಲಿ, ಶಾಸ್ತ್ರಗ್ರಂಥಗಳ ಪಕ್ಕದಲ್ಲೇ.

ಇವತ್ತು ಶ್ರುತಪಂಚಮಿ. ಜೈನರ ಮನೆಗಳಲ್ಲಿ ಗ್ರಂಥಗಳನ್ನು ಹೊರಗೆ ತೆಗೆದು, ಧೂಳು ಹೊಡೆದು, ಬಿಸಿಲು ತೋರಿಸಿ, ಹೊಸ ಬಟ್ಟೆ ಸುತ್ತಿ ಪೂಜೆ ಮಾಡುವ ದಿನ. ಗಂಡ ತೀರಿಕೊಂಡ ಮೇಲೆ ಕಮಲಾಬಾಯಿ ಅವನ ಇಂಗ್ಲಿಷ್ ಪುಸ್ತಕಗಳನ್ನೂ ಅದೇ ಸಾಲಿಗೆ ಸೇರಿಸಿದ್ದಳು. ಪೂಜೆ ಮಾಡಿಸಲು ಬಂದ ಉಪಾಧ್ಯೆಯವರು ಮೊದಲ ವರ್ಷ ಹುಬ್ಬೇರಿಸಿದ್ದರು. "ಇವೂ ಓದಿದ ಪುಸ್ತಕಾನ ಅಲ್ಲೇನ್ರಿ? ಸುಮ್ಮನ ಅಕ್ಷತಾ ಹಾಕ್ರಿ," ಅಂದಿದ್ದಳು. ಅವರು ಹಾಕಿದ್ದರು. ಕಮಲಾಬಾಯಿಗೆ ಎದುರಾಡಿ ಗೆದ್ದವರು ಆ ಊರಲ್ಲಿ ಕಡಿಮೆ. ಕೃಷ್ಣೆಯ ಮಹಾಪೂರ ಬಂದಾಗ ನಾವೆಯವನು "ಜೀವಾ ಉಳಿಸ್ಕೊಳ್ರಿ ಅಮ್ಮಾ, ಗಂಟು ಬಿಡ್ರಿ" ಅಂತ ಬಾಯಿ ಬಡಿದುಕೊಂಡರೂ "ಶಾಸ್ತ್ರ ಅದಾವ" ಅಂತ ಗಂಟುಗಳನ್ನೇ ಮೊದಲು ನಾವೆಗೇರಿಸಿದವಳು ಅವಳು. ಫ್ರಿಜ್ಜು, ಟಿವಿ ನೀರು ಕುಡಿದು ಸತ್ತವು. ವಿಲಾಯಿತಿ ಸವತಿ ಬದುಕಿಕೊಂಡಳು.

ಪ್ರತಿ ವರ್ಷ ಈ ಕೆಲಸಕ್ಕೆ ಅವಳು ಯಾರನ್ನೂ ಹತ್ತಿರ ಬಿಟ್ಟುಕೊಂಡವಳಲ್ಲ. ಈ ವರ್ಷ ಕೈ ನಡುಗುತ್ತಿತ್ತು, ಗಂಟು ಬಿಚ್ಚಲಾಗುತ್ತಿರಲಿಲ್ಲ. ಅದಕ್ಕೇ ಮೊಮ್ಮಗಳು ಋತುಜಾ ಪಕ್ಕದಲ್ಲಿ ಕೂತಿದ್ದಳು. ಮಗ ಅನೇಕಾಂತನ ಮಗಳು, ಕೊಲ್ಲಾಪುರದಲ್ಲಿ ಇಂಗ್ಲಿಷ್ ಓದಿ, ಈಗ ಸಂಶೋಧನೆ ಅಂತ ಏನನ್ನೋ ಮಾಡುತ್ತಿದ್ದಾಳೆ. ಏನನ್ನೋ ಯಾಕೆ, ಇದೇ ವಿದರ್ಲಿ ಕಂಪನಿಯ ಇತಿಹಾಸ. ಚಿಕ್ಕಂದಿನಲ್ಲಿ ಅಜ್ಜನ ತೊಡೆಯ ಮೇಲೆ ಕೂತು ಆ ಹಸಿರು ರಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದ ಹುಡುಗಿ. ತಾಯಿ ಮಿರಜದ ಮರಾಠಿಯವಳಾದ್ದರಿಂದ ಋತುಜಾಗೆ ಕನ್ನಡ ಪೂರಾ ತಿಳಿಯುತ್ತದೆ, ಆಡಲು ಹೋದರೆ ಮಾತ್ರ ನಾಲಗೆ ಅರ್ಧ ದಾರಿಯಲ್ಲಿ ಮರಾಠಿಗೆ ಹೊರಳುತ್ತದೆ.

"ಆಜೀ, ಇವನ್ನೆಲ್ಲಾ ನಾನು ಎರಡ ತಿಂಗಳ ಕೊಲ್ಲಾಪುರಕ್ಕ ಒಯ್ಯಲೇನ? ಫೋಟೋ ಕಾಢೂನ್ ತಿರುಗಿ ತರತೇನಿ. ಇಷ್ಟು ಪುಸ್ತಕಾ ಒಂದ ಕಡೆ ಯಾರ ಹತ್ರಾನೂ ಇಲ್ಲ. ಪೂರ್ಣ ಭಾರತದಾಗ ಇಲ್ಲ."

"ಒಯ್ಯಿ."

ಋತುಜಾ ಬೆಪ್ಪಾದಳು. ಒಂದು ವಾರ ಗೋಗರೆಯಬೇಕಾದೀತು ಅಂದುಕೊಂಡು ಬಂದಿದ್ದಳು.

"ಒಯ್ಯಿ ಅಂದ್ನೆಲ್ಲ. ಆದರ ಮೊದಲ ನಂದೊಂದು ಕೆಲಸಾ ಮಾಡಿಕೊಡಬೇಕು." ಕಮಲಾಬಾಯಿ ಎಲ್ಲಕ್ಕಿಂತ ಕೊನೆಯ ಗಂಟನ್ನು ಎಳೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು. "ಈ ಪುಸ್ತಕಾ ನಿಮ್ಮ ಅಜ್ಜ ಅರ್ಧಾ ಹೇಳಿ ಬಿಟ್ಟುಹೋದರು. ಉಳದದ್ದು ಓದಿ ಹೇಳು. ಮೇರಿಗೆ ಮುಂದ ಏನಾತು, ನನಗ ಗೊತ್ತಾಗಬೇಕು."

"ಮೇರಿ ಕೋಣ್, ಆಜೀ?"

ಮೇರಿ ಯಾರು! ಕಮಲಾಬಾಯಿಗೆ ಸಿಟ್ಟೇ ಬಂತು. ಆದರೆ ಪಾಪ, ಹುಡುಗಿಗೆ ಹೇಗೆ ಗೊತ್ತಾಗಬೇಕು.

ಮದುವೆಯಾಗಿ ಬಂದ ಮೊದಲ ಮಳೆಗಾಲ ಅವಳ ಕಣ್ಣ ಮುಂದೆ ಇನ್ನೂ ಹಸಿಯಾಗಿಯೇ ಇತ್ತು. ಆರಗದಲ್ಲಿ ಬೆಳೆದ ಹುಡುಗಿ, ಕನ್ನಡದಲ್ಲೇ ನಕ್ಕು ಕನ್ನಡದಲ್ಲೇ ಜಗಳಾಡಿದವಳು. ಇಲ್ಲಿ ನೋಡಿದರೆ ಅತ್ತೆ, ನಾದಿನಿ, ನೆರೆಯವರು ಎಲ್ಲ ಮರಾಠಿ. ಆ ಮನೆಯಲ್ಲಿ ಕನ್ನಡ ದೇವರ ಮುಂದಿನ ಸ್ತೋತ್ರದಲ್ಲಿ ಮಾತ್ರ ಉಳಿದಿತ್ತು. ಆದಪ್ಪನೊಬ್ಬನಿಗೆ ವ್ಯಾಪಾರಕ್ಕೆ ಅಥಣಿ, ಚಿಕ್ಕೋಡಿ ಕಡೆ ತಿರುಗಿ ತಿರುಗಿ ಕನ್ನಡ ನಾಲಗೆಯ ಮೇಲಿತ್ತು. ಚಾತುರ್ಮಾಸ ಶುರುವಾಗಿತ್ತು. ಜೈನರ ರೂಢಿಯಂತೆ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ, ಬೆಳಕು ಇನ್ನೂ ಉಳಿದಿರುವಾಗ ಅವನು ಪಡಸಾಲೆಯಲ್ಲಿ ಹೊಸ ಪುಸ್ತಕ ಹಿಡಿದು ಕೂರುತ್ತಿದ್ದ. ಆ ಕಂಪನಿಯ ಪುಸ್ತಕಗಳದ್ದೊಂದು ವಿಚಿತ್ರ ರಿವಾಜು. ಹಾಳೆಗಳ ಅಂಚು ಕತ್ತರಿಸದೆ ಹಾಗೇ ಕಳಿಸುತ್ತಿದ್ದರು, ಎರಡೆರಡು ಹಾಳೆ ಒಂದಕ್ಕೊಂದು ಕೂಡಿಕೊಂಡೇ ಇರುತ್ತಿದ್ದವು. ಓದುವವನೇ ಚೂರಿಯಿಂದ ಸೀಳಿಕೊಂಡು ಓದಬೇಕು. ಆದಪ್ಪ ಅರಿಶಿನದ ಕೊಂಬು ಕೊಯ್ದು ನೋಡುವ ಸಣ್ಣ ಚೂರಿಯಿಂದ ಸರ್ ಅಂತ ಹಾಳೆ ಬಿಡಿಸುತ್ತಿದ್ದ.

"ಏನ ಐತ್ರಿ ಅದರಾಗ?" ಅಂತ ಅವಳು ಕೇಳಿದಳು. ಆರಗದ ನೆನಪಾಗಿ ಬಂದ ಅಳು ತಡೆದುಕೊಂಡು ಕೇಳಿದ್ದಳು.

ಅವನು ಪುಸ್ತಕ ನೋಡಿದ. ಅವಳ ಮುಖ ನೋಡಿದ. ಮತ್ತೆ ಪುಸ್ತಕ ನೋಡಿದ.

"ಮೇರಿ ಅಂತ ಒಬ್ಬಾಕಿ ಇದ್ದಳು," ಅಂದ. "ಹೂಂ ಅನ್ನಬೇಕು. ಇಲ್ಲಾಂದ್ರ ಕತಿ ನಿಲ್ತೈತಿ."

"ಹೂಂ."

ಅಲ್ಲಿಂದ ಪ್ರತಿ ಚಾತುರ್ಮಾಸಕ್ಕೆ ಒಂದು ಪುಸ್ತಕ, ಒಂದು ಕತೆ. ದಿನಕ್ಕೆ ನಾಲ್ಕು ಹಾಳೆ ಸೀಳುವುದು, ಅಷ್ಟೇ ಹೇಳುವುದು, "ಮುಂದ ನಾಳೆ" ಅಂದು ಎದ್ದುಬಿಡುವುದು. ಕಮಲಾಬಾಯಿ ಬಯ್ಯುತ್ತಿದ್ದಳು, ಕಾಡುತ್ತಿದ್ದಳು, ಹಾಸಿಗೆಯಲ್ಲೂ ಮೇರಿಯ ಚಿಂತೆ ಮಾಡುತ್ತಿದ್ದಳು. ಎಲ್ಲ ಕತೆಯಲ್ಲೂ ಹೆಂಗಸಿನ ಹೆಸರು ಮೇರಿಯೇ. "ಆ ದೇಶದಾಗ ಬ್ಯಾರೆ ಹೆಸರ ಇಲ್ಲೇನ್ರಿ?" ಅಂದರೆ "ಭಾಳ ಮಂದಿಗೆ ಅದ ಇಡ್ತಾರ" ಅನ್ನುತ್ತಿದ್ದ. ಮೇರಿ ಗಟ್ಟಿಗಿತ್ತಿ. ಅವಳ ಊರಿನ ಹೊಳೆ ಶ್ರಾವಣದಲ್ಲಿ ಏರುತ್ತಿತ್ತು. ಅವಳು ಈರುಳ್ಳಿ, ಬಟಾಟೆ ಮುಟ್ಟುತ್ತಿರಲಿಲ್ಲ, ನೀರು ಸೋಸಿ ಕುಡಿಯುತ್ತಿದ್ದಳು, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುತ್ತಿರಲಿಲ್ಲ.

"ಹೌದೇನ್ರಿ? ಇಂಗ್ಲೆಂಡಿನ್ಯಾಗೂ ರಾತ್ರಿ ಊಟಾ ಬಿಡ್ತಾರ?"

"ಛಲೋ ಮಂದಿ ಎಲ್ಲಾ ಕಡೆ ಇರ್ತಾರ, ಕಮಲಾ."

ಅವಳು ಅದನ್ನು ಪೂರಾ ನಂಬಿದ್ದಳು. ಬಸದಿಯಲ್ಲಿ ಹೆಂಗಸರಿಗೂ ಹೇಳಿದ್ದಳು.

ಕಂಪನಿ ಮುಚ್ಚುವಾಗ ಹಳೆಯ ಗಿರಾಕಿಗಳಿಗೆಲ್ಲ ಕೊನೆಯದಾಗಿ ಒಂದು ದೊಡ್ಡ ಪಾರ್ಸೆಲ್ಲು ಬಂತು. ಆದಪ್ಪ ಅದನ್ನು ಒಮ್ಮೆಗೇ ಬಿಚ್ಚಿ ಓದಲಿಲ್ಲ, ವರ್ಷಕ್ಕೊಂದರಂತೆ ಹಿಡಿದು ಹಿಡಿದು ಖರ್ಚು ಮಾಡಿದ. ಕೊನೆಯ ಪುಸ್ತಕದಲ್ಲಿ ಮೇರಿ ಮುದುಕಿಯಾಗಿದ್ದಳು. ಅವಳ ಗಂಡ ಏನೋ ಕೆಲಸಕ್ಕೆ ರೈಲು ಹತ್ತಿ ಪೇಟೆಗೆ ಹೊರಟ. ಹೊತ್ತು ಮುಳುಗೂದರೊಳಗ ಬರ್ತೇನಿ, ಕೂಡೇ ಉಣ್ಣೋಣು ಅಂದ. ಮೇರಿ ಅಡಿಗೆ ಮಾಡಿ, ಎರಡು ತಾಟು ಹಾಕಿ ಹೊಸ್ತಿಲಲ್ಲಿ ಕೂತಳು.

"ಮುಂದ?"

"ಮುಂದ ನಾಳೆ."

ಮರುದಿನ ಬೆಳಿಗ್ಗೆ ಆದಪ್ಪ ಸಾಂಗಲಿಗೆ ಹೋದ. ಅಂಗಡಿಯಲ್ಲೇ ಕುಸಿದ. ಮಿರಜದ ಆಸ್ಪತ್ರೆಗೆ ಒಯ್ದರು. ಕಮಲಾಬಾಯಿ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪುಸ್ತಕದ ನಡುವೆ ಚೂರಿ ಇಟ್ಟದ್ದು ಇಟ್ಟ ಹಾಗೇ ಇತ್ತು.

ಮೇರಿಯ ಗಂಡ ಹೊತ್ತು ಮುಳುಗುವುದರೊಳಗೆ ಬಂದನೇ, ಇಲ್ಲವೇ? ಅವಳಿಗೆ ಅದೊಂದು ತಿಳಿಯಬೇಕಿತ್ತು. ವಯಸ್ಸಾದಂತೆ ಕಮಲಾಬಾಯಿ ಒಂದೊಂದನ್ನೇ ಬಿಡುತ್ತ ಬಂದಿದ್ದಳು. ಬಣ್ಣದ ಸೀರೆ ಬಿಟ್ಟಳು, ಸಿಹಿ ಬಿಟ್ಟಳು, ಅಷ್ಟಮಿ ಚತುರ್ದಶಿಗೆ ಉಪ್ಪು ಬಿಟ್ಟಳು. ಆಸೆ ಇಟ್ಟುಕೊಂಡು ಹೋದರೆ ಮತ್ತೆ ಹುಟ್ಟಬೇಕು ಅಂತ ಬಸದಿಗೆ ಬರುವ ಸನ್ಯಾಸಿನಿ ಮಾತಾಜಿಯವರ ಪ್ರವಚನದಲ್ಲಿ ಕೇಳುವಾಗೆಲ್ಲ ಅವಳು ತಲೆಯಾಡಿಸುತ್ತಿದ್ದಳು, ಮನಸ್ಸು ಮಾತ್ರ ಕಪಾಟಿನ ಕಡೆ ಓಡುತ್ತಿತ್ತು. ಈ ಒಂದು ಆಸೆ ಬಿಡಲಾಗಲಿಲ್ಲ. ಬೇರೆ ಯಾರ ಕೈಯಲ್ಲಾದರೂ ಓದಿಸೋಣವೆಂದರೆ ಅದಕ್ಕೂ ಮನಸ್ಸು ಒಪ್ಪಲಿಲ್ಲ. ಆ ಹಾಳೆಗಳು ಕೂಡಿಕೊಂಡು ಇರುವ ತನಕ ಆದಪ್ಪ ಇನ್ನೂ ಏನೋ ಹೇಳುವವನಿದ್ದಾನೆ ಅನ್ನಿಸುತ್ತಿತ್ತು.

ಋತುಜಾ ಬಟ್ಟೆ ಬಿಚ್ಚಿ ಪುಸ್ತಕ ತೆರೆದಳು. ಮೊದಲ ಪುಟ ನೋಡಿದಳು. ಮತ್ತೆರಡು ತಿರುವಿದಳು. ಅವಳ ಮುಖದ ಮೇಲಿದ್ದ ನಗು ಮೆಲ್ಲಗೆ ಇಳಿಯಿತು.

"ಆಜೀ, ಇದರಾಗ ಮೇರಿ..."

"ಹೂಂ, ಮೇರಿ?"

ಹುಡುಗಿ ತಲೆಯೆತ್ತಿ ಅಜ್ಜಿಯ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಮಾತು ಬದಲಿಸಿದಳು. "ಮೇರಿ ಐತಿ," ಅಂದಳು.

"ಇದ್ದಾಳ ಅನ್ನು. ಎಮ್ಮಿ ಅಲ್ಲ ಆಕಿ."

"ಇದ್ದಾಳ. ಓದತೇನಿ, ತಡೀ." ಋತುಜಾ ಚೂರಿಯಿಂದ ಒಂದು ಹಾಳೆ ಬಿಡಿಸಿದಳು. ಅದೇ ಸದ್ದು. ಕಮಲಾಬಾಯಿ ಕಣ್ಣು ಮುಚ್ಚಿಕೊಂಡಳು. "ಮೇರಿ ಹಾದಿ ನೋಡಿದಳು. ಖೂಪ್ ನೋಡಿದಳು. ಆಮ್ಯಾಲ ಅಂಧಾರ ಆತು. ಮೇಣಬತ್ತಿ ಹಚ್ಚಿದಳು. ಆವಾಗ ಬಾಗಲಾ ಸಪ್ಪಳಾತು. ನವ್ರಾ ಬಂದಾ! ಇಬ್ಬರಿಗೂ ಆನಂದ ಆತು. ಟೇಬಲ್ ಮ್ಯಾಲ ಕುಂತು ಬಿಸಿ ಬಿಸಿ ಬಟಾಟಿ ಸೂಪ್ ಕುಡದು..."

"ಯಾರು ಕುಡದರು?"

"ಮೇರಿ."

"ಕತ್ತಲಾದ ಮ್ಯಾಲ?"

"ಹೂಂ."

"ಬಟಾಟಿ?"

ಕಮಲಾಬಾಯಿ ಕಣ್ಣು ತೆರೆದಳು. "ಮೇರಿ ರಾತ್ರಿ ಉಣ್ಣಂಗಿಲ್ಲ! ಬಟಾಟಿ ಆಕಿ ಹುಟ್ಟಿದಾಗಿಂದ ಮುಟ್ಟಿಲ್ಲ! ಏನ ಓದಾಕತ್ತೀ ನೀ? ನನ್ನ ಮೇರಿ ಬಾಯಾಗ ಬಟಾಟಿ ತುರುಕತೀ?"

"ಅಗಂ ಆಜೀ, ಇಂಗ್ಲೆಂಡಿನ ಹೆಂಗಸು ಬಟಾಟಿ ಬಿಟ್ಟು ಮತ್ತೇನ ತಿಂತಾಳ!"

"ಅಂದ್ರ ನೀ ಕಟ್ಟಿ ಹೇಳಾಕತ್ತಿದ್ದಿ. ಖರೆ ಹೇಳು. ಅಲ್ಲೇ ಏನ ಬರದೈತಿ?"

ಋತುಜಾಳ ಕಣ್ಣಲ್ಲಿ ನೀರು ಬಂತು. ಅಜ್ಜ ಮೊದಲೇ ಸೀಳಿದ್ದ ಪುಟವೊಂದನ್ನು ತೆರೆದು ಪುಸ್ತಕವನ್ನು ಅಜ್ಜಿಯ ಕಡೆ ತಿರುಗಿಸಿದಳು. ಪುಟದ ತುಂಬ ಒಂದು ಚಿತ್ರ. ಉದ್ದಕ್ಕೆ ಕೆಳಗಿಳಿಯುವ ಕಲ್ಲಿನ ಗೋಡೆ, ಮೇಲೆ ಗಡಗಡೆ, ಹಗ್ಗ.

"ಇದು ಬಾವಿ ಪುಸ್ತಕಾ, ಆಜೀ. ಬಾವಿ ಹೆಂಗ ಕಟ್ಟಬೇಕು, ಹೂಳ ಹೆಂಗ ತೆಗೀಬೇಕು, ಇಷ್ಟೇ. ಮೇರಿ ಇಲ್ಲ. ಯಾರೂ ಇಲ್ಲ."

"ಬಾವಿ ಅಲ್ಲದು, ಗೋಪುರ. ಮೇರಿ ಗಂಡನ ಊರಾಗಿಂದು. ನಿಮ್ಮ ಅಜ್ಜ ತೋರಿಸಿ ಹೇಳ್ಯಾರ."

"ಬಾವಿ, ಆಜೀ."

"ಬ್ಯಾರೆ ತಗಿ," ಅಂದಳು ಕಮಲಾಬಾಯಿ. ಅವಳ ದನಿ ಬದಲಾಗಿತ್ತು. ಋತುಜಾ ಇನ್ನೊಂದು ಗಂಟು ಬಿಚ್ಚಿದಳು. ಅಂತಸ್ತಿನ ಮೇಲೆ ಅಂತಸ್ತಿದ್ದ ಒಂದು ಪೆಟ್ಟಿಗೆಯ ಚಿತ್ರ. "ಇದು ಮೇರಿ ಅತ್ತಿಮನಿ," ಅಂದಳು ಅಜ್ಜಿ. "ಎಷ್ಟ ಮಂದಿ ಇದ್ದರು ಆ ಮನ್ಯಾಗ, ಆಕೀನ ದುಡಿಸಿ ದುಡಿಸಿ ಸಣ್ಣಗ ಮಾಡಿದ್ದರು."

"ಜೇನ ಸಾಕೂ ಡಬ್ಬಿ, ಆಜೀ."

ಮತ್ತೊಂದು ಹಗ್ಗ ಹೊಸೆಯುವ ಪುಸ್ತಕ. ಮತ್ತೊಂದು ಗಟಾರ ಕಟ್ಟುವುದು. ಅವಳು ಕೇಳಿದ ಕತೆಗಳಲ್ಲೇ ಹಳೆಯದು, ಆ ಮೊದಲ ಮಳೆಗಾಲದ್ದು, ಗಡ್ಡೆಗೆಣಸು ಒಣಗಿಸುವ ಬಗೆ. ಶುಂಠಿ, ಅರಿಶಿನ.

ಋತುಜಾ ಮೂಗು ಒರೆಸಿಕೊಂಡು ಹೇಳಿದಳು. ಜೋಸಯ್ಯಾ ವಿದರ್ಲಿ ಅನ್ನುವವನು ಬೀಜ ಮಾರುವ ವ್ಯಾಪಾರಿಯಾಗಿದ್ದ. ಹರೆಯದಲ್ಲಿ ಯಾರೋ ಬೆಳ್ಳಿಯ ಗಣಿಯ ಬಗ್ಗೆ ಸುಳ್ಳು ಪುಸ್ತಕ ಅಚ್ಚು ಹಾಕಿ ಅವನನ್ನು ಮುಳುಗಿಸಿದ್ದರು. ಆ ಸಿಟ್ಟಿಗೆ ತಾನೇ ಅಚ್ಚುಕೂಟ ಹಾಕಿದ. ಗಂಡುಮಕ್ಕಳಿರಲಿಲ್ಲ, ಹೆಣ್ಣುಮಕ್ಕಳೇ ಅಚ್ಚಿನ ಮೊಳೆ ಜೋಡಿಸಿದರು. ನಡೆಯದ ಸಂಗತಿ ಒಂದನ್ನೂ, ಕಣ್ಣಿಂದ ನೋಡದ ಮಾತು ಒಂದನ್ನೂ ಈ ಮನೆಯಲ್ಲಿ ಅಚ್ಚು ಹಾಕಕೂಡದು ಅಂತ ಸಾಯುವಾಗ ಮಕ್ಕಳಿಂದ ಆಣೆ ಮಾಡಿಸಿಕೊಂಡ. ಅವರು ಕಂಪನಿ ಮುಚ್ಚುವ ತನಕ ಅದನ್ನು ಮುರಿಯಲಿಲ್ಲ.

"ಒಂದ ಕತಿ, ಒಂದ ಕಾದಂಬರಿ ತಗೀಲಿಲ್ಲ ಆಜೀ ಅವರು. ಇತಿಹಾಸದಾಗ ಅದ ದೊಡ್ಡ ಮಾತು."

"ಒಂದೂ ಇಲ್ಲ?"

"ಒಂದೂ ಇಲ್ಲ."

ಕಮಲಾಬಾಯಿ ಗೋಡೆಗೆ ಒರಗಿದಳು. "ಸುಳ್ಳಗಾರ," ಅಂದಳು. "ಜೀವಮಾನ ಪೂರ್ತಿ ಸುಳ್ಳ ಹೇಳಿದ ನನಗ. ಅರಿಶಿನಾ ಒಣಗಿಸೋ ಪುಸ್ತಕಾ ಹಿಡಕೊಂಡು!" ಆಮೇಲೆ ನಗು ಬಂತು. ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು, ಭುಜ ಕುಣಿಯುವ ಹಾಗೆ ನಕ್ಕಳು. ಬಸದಿಯ ಹೆಂಗಸರಿಗೆಲ್ಲ ಇಂಗ್ಲೆಂಡಿನಲ್ಲಿ ರಾತ್ರಿ ಉಣ್ಣುವುದಿಲ್ಲ ಅಂತ ಹೇಳಿಬಿಟ್ಟಿದ್ದಳಲ್ಲ! ಸವತಿ ಅಂತ ಆ ಪಾಪದ ವಿದರ್ಲಿ ಹೆಣ್ಣುಮಕ್ಕಳನ್ನು ಎಷ್ಟು ಬೈದಿದ್ದಳು! ಅವರು ಕೊಟ್ಟದ್ದು ಬಾವಿ, ಜೇನು, ಗಟಾರ. ಮೇರಿಯನ್ನು ಕೊಟ್ಟವನು ಇಲ್ಲೇ ಎದುರಿಗೆ ಕೂತಿದ್ದ. ಅಳು ನುಂಗಿಕೊಂಡು ಕೂತ ಒಬ್ಬ ಆರಗದ ಹುಡುಗಿಯ ಸಲುವಾಗಿ ಕಟ್ಟಿದ, ಅವಳು ಹೂಂ ಅನ್ನುತ್ತಿರುವ ತನಕ ಕಟ್ಟುತ್ತಲೇ ಹೋದ.

ನಗುತ್ತ ನಗುತ್ತ ಅವಳಿಗೆ ಇನ್ನೊಂದು ಹೊಳೆಯಿತು, ನಗು ನಿಂತಿತು.

"ಹಂಗಾರ ಮುಂದಿಂದು ಎಲ್ಲೂ ಇಲ್ಲ," ಅಂದಳು.

ಋತುಜಾ ತೆರೆದ ಪುಸ್ತಕಗಳನ್ನು ಒಂದೊಂದಾಗಿ ಮುಚ್ಚಿದಳು.

"ಅವರ ತಲಿಯಾಗ ಇತ್ತು. ಅವರ ಸಂಗಾಟ ಹೋತು. ನಾನು ಇಲ್ಲೇ ಐತಿ, ಹಾಳಿಯೊಳಗ ಐತಿ ಅಂತ ಕಾಯಕೊಂಡ ಕುಂತಿದ್ನೆಲ್ಲ! ನೀರಾಗ ಹೊತ್ತ ತಂದ್ನೆಲ್ಲ!" ಅವಳು ಈಗ ಅತ್ತಳು. ಗಂಡ ಸತ್ತ ದಿನ ಮಂದಿಯ ನಡುವೆ ಅತ್ತದ್ದು ಬೇರೆ, ಇದು ಬೇರೆ. ಇವತ್ತೇ ಆತ ನಿಜವಾಗಿ ಹೋದ ಅನ್ನಿಸಿತು. ಋತುಜಾ ಅಜ್ಜಿಯ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ಅಂಗಳದ ಬಿಸಿಲು ಗೋಡೆ ಹತ್ತಿ ಹೋಗಿತ್ತು. ಅಡಿಗೆಮನೆಯಿಂದ ಸೊಸೆ ಮರಾಠಿಯಲ್ಲಿ ಕೂಗಿದಳು, ಹೊತ್ತು ಮುಳುಗುತ್ತದೆ, ಊಟಕ್ಕೆ ಬನ್ನಿ ಅಂತ. ಕಮಲಾಬಾಯಿ ಏಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಬಾವಿಯ ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಚೂರಿ ಕೊಡು."

"ಆಜೀ, ಕೈ ನಡಗತೈತಿ."

"ನಡಗಲಿ, ಕೊಡು."

ಜನ್ಮದಲ್ಲಿ ಮೊದಲ ಸಲ ಅವಳು ಆ ಹಾಳೆಗೆ ಚೂರಿ ಹಚ್ಚಿದಳು. ಸೊಟ್ಟ ಸೀಳಿತು, ಅಂಚು ಹರಿದು ಚೂರಾಯಿತು. ಬಿಡಿಸಿದ ಪುಟದಲ್ಲಿ ಬಾವಿಯ ಕಟ್ಟೆಯ ಚಿತ್ರವಿತ್ತು, ಪಕ್ಕದಲ್ಲಿ ಯಾರೂ ಇರಲಿಲ್ಲ. ಅವಳು ಅದನ್ನೇ ಸ್ವಲ್ಪ ಹೊತ್ತು ನೋಡಿದಳು.

"ಮೇರಿ ಹೊಸ್ತಲದಾಗ ಕುಂತಿದ್ದಳು," ಅಂದಳು. "ಎರಡ ತಾಟ ಹಾಕಿದ್ದಳು. ಹೊತ್ತ ಮುಳಗಾಕ ಬಂತು." ನಿಲ್ಲಿಸಿ ಮೊಮ್ಮಗಳ ಕಡೆ ನೋಡಿದಳು. "ಹೂಂ ಅನ್ನಬೇಕು. ಇಲ್ಲಾಂದ್ರ ಕತಿ ನಿಲ್ತೈತಿ."

"ಹೂಂ," ಅಂದಳು ಋತುಜಾ.

"ಸ್ಟೇಷನ್ ಕಡಿಂದ ಮಂದಿ ಬಂದರು. ಎಲ್ಲಾರ ಗಂಡಂದಿರೂ ಬಂದರು. ಆಕೀ ಗಂಡ ಬರಲಿಲ್ಲ."

"ಹೂಂ."

"ಹೊತ್ತ ಮುಳಗೂಕಿಂತ ಮುಂಚೆ ಆಕಿ ಎದ್ದಳು. ಒಂದ ತಾಟ ಬೋರಲ ಹಾಕಿ ಇಟ್ಟಳು. ಇನ್ನೊಂದರಾಗ ತಾ ಒಬ್ಬಾಕೀನ ಕುಂತು ಉಂಡಳು."

ಋತುಜಾಗೆ ಹೂಂ ಅನ್ನಲು ಆಗಲಿಲ್ಲ. "ಯಾಕ ಬರಲಿಲ್ಲ ಅಜ್ಜೀ ಆಂವ?" ಅಂತ ಕೇಳಿದಳು, ಚಿಕ್ಕ ಹುಡುಗಿಯ ಹಾಗೆ, ಒಂದೂ ಮರಾಠಿ ಮಾತಿಲ್ಲದೆ.

ಕಮಲಾಬಾಯಿ ಚೂರಿಯನ್ನು ಪುಸ್ತಕದ ನಡುವೆ ಇಟ್ಟು ಮುಚ್ಚಿದಳು.

"ಬರೋ ಮನಸ ಭಾಳ ಇತ್ತು ಅವಂಗ," ಅಂದಳು. "ಕಡೀತನಕ ಇತ್ತು. ಬರೂದಾಗಲಿಲ್ಲ, ಅಷ್ಟ."

"ಹೂಂ."

"ಏಳು. ಹೊತ್ತ ಮುಳಗತೈತಿ, ಉಣ್ಣೋಣು."